ಐದು ಪೌಂಡ್ ಉಣ್ಣೆ

ಮೊದಲನೆಯದನ್ನು ಡೇಟನ್ನಿನಲ್ಲಿ ಕೊಂಡೆ,
ಮಿಲಿಟರಿ ಹಳೇಸಾಮಾನಿನ ಅಂಗಡಿಯಲ್ಲಿ.
ಬೂದು ಬಣ್ಣ, ಎರಡು ತುದಿಗೆ ಕಪ್ಪು ಪಟ್ಟೆ,
ನಟ್ಟನಡುವೆ ಯು, ಎಸ್. ಇನ್ನೇನು ಬೇಕು ಅಂದುಕೊಂಡೆ.
ರಾತ್ರಿ ಬೆಂಕಿಯ ಪಕ್ಕ ನಮ್ಮ ಸಾರ್ಜೆಂಟ್ ಓರಿನ್ ಟ್ವಿಚೆಲ್
(ವಾರದ ದಿನಗಳಲ್ಲಿ ಹಲ್ಲಿನ ವೈದ್ಯ)
ಅಂಚಿನಿಂದ ಒಂದು ಎಳೆ ಕಿತ್ತು ಉರಿಗೆ ಹಿಡಿದ.
ಬೂದಿಯಾಗಲಿಲ್ಲ. ಕರಗಿ, ಕರಿಮಣಿಯಾಗಿ,
ಅವನ ಉಗುರಿಗೆ ಅಂಟಿತು.
"ಪ್ಲಾಸ್ಟಿಕ್," ಅಂದ. ಬೈಯಲಿಲ್ಲ.
ಬೈದಿದ್ದರೆ ವಾಸಿಯಿತ್ತು.

ಅಲ್ಲಿಂದ ನಾಲ್ಕು ವರ್ಷ.
ಒಂದು ತೀರಾ ನೀಲಿ.
ಒಂದರ ಅಕ್ಷರಗಳಿಗೆ ಮಿಷನ್ನಿನ ಹೊಲಿಗೆ, ಸತ್ತವರ ಕೈಬರಹದಂಥ
ಸೊಟ್ಟ ಹೊಲಿಗೆಯಲ್ಲ.
ಕೆನಡಾದಿಂದ ಬಂದದ್ದಕ್ಕೆ ನೇಯ್ಗೆ ಸರಿಯಿತ್ತು,
ಅಡುಗೆಮನೆಯ ತಕ್ಕಡಿಯಲ್ಲಿ ಮೂರೇ ಪೌಂಡ್.
"ಯಾರು ಎದ್ದುಬಂದು ತೂಗುತ್ತಾರೆ?"
ಮಾರ್ವಾ ಕೇಳಿದಳು, ಹಿಟ್ಟಿನ ಕೈ ಒರೆಸಿಕೊಳ್ಳುತ್ತ.
ಶಾಲೆಯ ಬಸ್ಸು ಓಡಿಸುವವನ ಸಂಬಳ ಅವಳಿಗೂ ಗೊತ್ತು.
ಕಂಬಳಿಯ ಮೇಲೆ ಕೂತು ಕೂದಲು ಆರಿಸುವುದೆಂದರೆ ಇದೇ.
ಆದರೂ ಆರಿಸಿದೆ.

ಕೊನೆಗೆ ವಿಸ್ಕಾನ್ಸಿನ್. ಹಸುಗಳಿಲ್ಲದ ಹಾಲಿನ ಕೊಟ್ಟಿಗೆ,
ಒಳಗೆ ಮಗ್ಗ, ಮಗ್ಗದಲ್ಲಿ ಥೈರಾ ಲಿಂಡ್‌ಗಾರ್ಡ್,
ಎಪ್ಪತ್ತೊಂದು, ಬೆರಳುಗಳಲ್ಲಿ ಕುರಿಜಿಡ್ಡು.
ಜಿಲ್ಲೆಯ ಮ್ಯೂಸಿಯಮ್ಮಿನಲ್ಲಿ ಉಳಿದ ಒಂದು ಅಸಲಿ ಕಂಬಳಿಯನ್ನು
ಬಿಳಿ ಕೈಗವಸು ತೊಟ್ಟು, ಸೂಜಿಮೊನೆಯಿಂದ,
ಎಳೆ ಎಳೆಯಾಗಿ ಎಣಿಸಿದವಳು.
ಹಾಸು ಇಷ್ಟು, ಹೊಕ್ಕು ಇಷ್ಟು, ಓರೆ ನೇಯ್ಗೆ,
ಪಟ್ಟೆಗೆ ಅಕ್ರೋಟದ ಸಿಪ್ಪೆಯ ಬಣ್ಣ.
"ಅದೇ ಡ್ರಾಯರಿನಲ್ಲಿ ಇನ್ನೊಂದಿತ್ತು," ಅಂದಳು.
"ಚಿಂದಿ ಅರೆದು, ಮತ್ತೆ ನೂತು,
ಹೊಸ ಉಣ್ಣೆಯೆಂದು ಸರ್ಕಾರಕ್ಕೆ ಮಾರಿದ್ದು.
ಗುತ್ತಿಗೆದಾರ ಬಂಗಲೆ ಕಟ್ಟಿಸಿದನಂತೆ.
ಅದೂ ಅಸಲಿಯೇ. ನಿನಗೆ ಯಾವುದು?"

ನಾನು ಹೊತ್ತು ತಿರುಗುವ ಹೆಸರು ಲೂಷಿಯಸ್ ಪಾರ್ಡಿ.
ಪೀಪಾಯಿ ಕಟ್ಟುವವನ ಮಗ, ಹತ್ತೊಂಬತ್ತು.
ಉಳಿದದ್ದು ಒಂದೇ ಕಾಗದ:
ಅಮ್ಮಾ, ಮೊದಲ ಮಳೆಗೇ ಕಂಬಳಿ
ನೆಂದ ಬ್ರೆಡ್ಡಿನ ಹಾಗೆ ಕೈಯಲ್ಲಿ ಕಿತ್ತುಬಂತು,
ಈಗ ನಾನು ಜೊತೆಯವನದರ ಕೆಳಗೆ.
ತಾರೀಕು ನವೆಂಬರ್.
ಜನವರಿಯ ಪಟ್ಟಿಯಲ್ಲಿ ಹೆಸರಿನ ಮುಂದೆ: ಎದೆಜ್ವರ.

ಲೆಕ್ಕದಂತೆ ನನಗೆ ಸಲ್ಲಬೇಕಾದ್ದು
ಕಳ್ಳನ ಕಂಬಳಿ.
ನಕಲು ಮಾಡಿ ತಂದ ಕಾಗದ ತೋರಿಸಿದೆ. ಓದಿ, ಮಡಿಸಿ,
"ಕೆಟ್ಟದಾಗಿ ನೇಯಲು ನನಗೆ ಬರುವುದಿಲ್ಲ," ಅಂದು
ಲಾಳಿ ಎಸೆದಳು.

ಅಕ್ಟೋಬರ್, ಕೆಂಟಕಿ. ಸೋಯಾ ಕೊಯ್ದ ಹೊಲ.
ಕಾರುಗಳು ಮರಗಳ ಹಿಂದೆ ಅವಿತಿವೆ.
ಟ್ವಿಚೆಲ್ ಎಳೆ ಸುಟ್ಟ: ಕೂದಲು ಸುಟ್ಟ ನಾತ,
ಹಿಸುಕಿದರೆ ಬೂದಿ. ತಲೆಯಾಡಿಸಿದ.
ನಾಲ್ಕು ವರ್ಷಕ್ಕೆ ಒಂದು ತಲೆಯಾಟ.

ನಡುರಾತ್ರಿ ಇಬ್ಬನಿ ಹೆಪ್ಪುಗಟ್ಟಿತು.
ಹೊಸ ಹುಡುಗ ಕೋಲ್ಬಿ ರೆನ್‌ಶಾ, ಹಲ್ಲು ಕಟಕಟ.
ಅವನ ಮೈಮೇಲಿದ್ದದ್ದು ನನ್ನ ಮೊದಲನೆಯದು,
ಬೇಸಿಗೆಯಲ್ಲಿ ನಾನೇ ಮಾರಿದ್ದು, ಹದಿನೈದು ಡಾಲರಿಗೆ.
ಉಣ್ಣೆ ಅಂತ ನಾನು ಹೇಳಿರಲಿಲ್ಲ.
ಅಲ್ಲ ಅಂತಲೂ.

"ಬಾ" ಅಂದೆ. ಬಂದ.
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ,
ನಾಲ್ಕು ಕಾಲಿಗೆ ಲೆಕ್ಕ ಯಾರೂ ಹೇಳಿಲ್ಲ.
ಒಬ್ಬ ಹೊರಳಿದರೆ ಇನ್ನೊಬ್ಬ ಹೊರಳಬೇಕು.
ಸ್ವಲ್ಪ ಹೊತ್ತಿಗೆ ಅವನು ಎಲ್ಲ ಎಳೆದುಕೊಂಡು ಮಲಗಿದ,
ಮಗುವಿನ ಹಾಗೆ, ಬಾಯಿ ತೆರೆದು.
ನಾನು ಹಿಂದಕ್ಕೆ ಎಳೆಯಲಿಲ್ಲ.
ಬಯಲಾದ ಬೆನ್ನಿನ ಮೇಲೆ ಚಳಿ
ಸೂಜಿಮೊನೆಯಿಂದ ಎಣಿಸುತ್ತಿತ್ತು,
ಹಾಸು ಇಷ್ಟು,
ಹೊಕ್ಕು ಇಷ್ಟು.